ಓದುವ ಅಕ್ಷರ, ನೋಡುವ ಅಕ್ಷರ

ಓದಿಸಿಕೊಳ್ಳುವ ಅಕ್ಷರವನ್ನೇ ಚಿತ್ರವಾಗಿಯೂ ಕಾಣಿಸುವುದು ಪುಸ್ತಕ ವಿನ್ಯಾಸದ ಒಂದು ಚಮತ್ಕಾರ. ಮುಖಪುಟದ ಶೀರ್ಷಿಕೆ, ಮಕ್ಕಳ ಪುಸ್ತಕ, ಚುಟುಕಗಳ ಸಂಕಲನ ಇದಕ್ಕೆ ಹೆಚ್ಚು ಒಗ್ಗುತ್ತವೆ.

ಅಚ್ಚುಯಂತ್ರ ಬರುವ ಎಷ್ಟೋ ಮೊದಲೇ ಚಿತ್ರಕಾವ್ಯ ಈ ಆಟ ಆಡಿತ್ತು. ಪದ್ಯದ ಅಕ್ಷರಗಳನ್ನು ತಾವರೆ, ಚಕ್ರ, ಖಡ್ಗಗಳ ಆಕಾರದಲ್ಲಿ ಕೂರಿಸುವ ಬಂಧಗಳು ಹಲವು. ದಂಡಿಯ ಸಂಸ್ಕೃತ ಅಲಂಕಾರಗ್ರಂಥ ‘ಕಾವ್ಯಾದರ್ಶ’ ಲಕ್ಷಣ ಹೇಳಿರುವ ಗೋಮೂತ್ರಿಕೆ ಅವುಗಳಲ್ಲಿ ಸರಳವಾದದ್ದು. ‘ಕಡಲ ಮರಳು’ ಎಂದು ಬರೆದು, ಅದರಡಿ ಅಕ್ಷರಕ್ಕೆ ಅಕ್ಷರ ಕೂರುವಂತೆ ‘ಒಡಲ ಮರುಳು’ ಎಂದು ಬರೆದರೆ ಅದರ ರೀತಿ ತಿಳಿಯುತ್ತದೆ. ಮೇಲಿನ ‘ಕ’, ಕೆಳಗಿನ ‘ಡ’, ಮೇಲಿನ ‘ಲ’, ಕೆಳಗಿನ ‘ಮ’ ಹೀಗೆ ಅಂಕುಡೊಂಕಾಗಿ ಸಾಗಿದರೂ ಮೊದಲ ಸಾಲೇ ಬರುತ್ತದೆ. ‘ಒ’ದಿಂದ ಹೊರಟರೆ ಎರಡನೆಯದು. 2, 4, 6ನೇ ಅಕ್ಷರಗಳು ಎರಡೂ ಸಾಲುಗಳಲ್ಲಿ ಒಂದೇ ಆಗಿರುವುದೇ ಗುಟ್ಟು.

ಆಧುನಿಕರಲ್ಲಿ ಬರಹದಿಂದಲೇ ಚಿತ್ರ ತೆಗೆದವರು ರವೀಂದ್ರನಾಥ ಟ್ಯಾಗೋರ್. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿ ತಂಗಿದ್ದ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಅದು 1884ರಲ್ಲಿ ಪ್ರಕಟವಾಯಿತು. ಚಿತ್ರಗಳು ಬಂದದ್ದು ನಾಲ್ಕು ದಶಕಗಳ ಬಳಿಕ. 1924ರಲ್ಲಿ ಅರ್ಜೆಂಟೀನಾದಲ್ಲಿದ್ದಾಗ ‘ಪೂರಬಿ’ ಕವನ ಸಂಕಲನದ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಗೆರೆಗಳಿಂದ ಬೆಸೆದು ಹಕ್ಕಿಗಳನ್ನೂ ವಿಚಿತ್ರ ಪ್ರಾಣಿಗಳನ್ನೂ ಮೂಡಿಸಿದರು. 1937ರ ‘ಖಾಪ್‌ಛಾಡಾ’ದಲ್ಲಿ ಅಸಂಬದ್ಧ ಪದ್ಯಗಳೂ ಅವರವೇ, ಚಿತ್ರಗಳೂ ಅವರವೇ.

ಕನ್ನಡ ಲಿಪಿಯ ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಲ್ಲವೂ ಚಿತ್ರಕಾರನ ಕೈಗೆ ಸುಲಭವಾಗಿ ಒದಗುತ್ತವೆ. ಮೊಳೆಜೋಡಣೆಯ ಕಾಲದಲ್ಲಿ ಸೀಸದ ಅಚ್ಚುಗಳನ್ನು ಬೇಕಾದಂತೆ ಬಳುಕಿಸಲು ಬರುತ್ತಿರಲಿಲ್ಲ. ಹಾಗಾಗಿ ಕಲಾವಿದರು ಶೀರ್ಷಿಕೆಯನ್ನು ಕೈಯಲ್ಲೇ ಬರೆದು, ಸತುವಿನ ಬ್ಲಾಕ್ ಮಾಡಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಫಾಂಟಿನ ಅಕ್ಷರವನ್ನು ಬರಿಯ ಹೊರಗೆರೆಯಾಗಿ ಬಿಡಿಸಿಕೊಂಡು ತಿದ್ದಲಾಗುತ್ತದೆ.

ಅಂಕೋಲಾ ತಾಲೂಕಿನ ದಿನಕರ ದೇಸಾಯಿ (1909–1982) ಪ್ರಸಿದ್ಧಿಗೆ ತಂದ ಚೌಪದಿ ವಿನ್ಯಾಸಕಾರನಿಗೆ ವಿಶಾಲ ಜಾಗ ಬಿಟ್ಟುಕೊಡುವ ಪ್ರಕಾರ. ನಾಲ್ಕು ಸಾಲು ಮುಗಿದರೂ ಪುಟದ ಬಹುಭಾಗ ಖಾಲಿ. ಅಲ್ಲಿ ಪದ್ಯ ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಸ್ವಾರಸ್ಯ ಕೆಡುತ್ತದೆ. ಪದ್ಯ ಹೇಳದೆ ಬಿಟ್ಟದ್ದನ್ನು ಹೇಳಿದರೆ ವಿನೋದ ಇಮ್ಮಡಿಯಾಗುತ್ತದೆ.

ಆಟ ಏನೇ ಇದ್ದರೂ ಓದು ತಪ್ಪಬಾರದು. ‘ಅಂಕೋಲಾ’ ಎಂಬ ಹೆಸರಿನ ಸೊನ್ನೆಯನ್ನು ಮುಳುಗುವ ಸೂರ್ಯನನ್ನಾಗಿ ಬರೆಯಬಹುದು. ಆದರೆ ಸೂರ್ಯ ಸಾಲು ಬಿಟ್ಟು ಆಕಾಶಕ್ಕೆ ಏರಿದರೆ ಕಣ್ಣು ಅದನ್ನು ಅಕ್ಷರವೆಂದು ಎಣಿಸುವುದಿಲ್ಲ. ಊರು ಮಹಾರಾಷ್ಟ್ರದ ಅಕೋಲಾ ಆಗಿಬಿಡುತ್ತದೆ. ಗಾತ್ರ, ಬಣ್ಣ ಏನೇ ಬದಲಾದರೂ ಸೊನ್ನೆ ತನ್ನ ಜಾಗದಲ್ಲೇ ಇರಬೇಕು.

ಈ ಕಸುಬನ್ನು ಗುರುತಿಸಲು ಕನ್ನಡ ಪುಸ್ತಕ ಪ್ರಾಧಿಕಾರ ‘ಪುಸ್ತಕ ಸೊಗಸು’ ಬಹುಮಾನ ಕೊಡುತ್ತದೆ. ಮಕ್ಕಳ ಪುಸ್ತಕಕ್ಕೂ ಮುಖಪುಟದ ಕಲೆಗೂ ಅದರಲ್ಲಿ ಪ್ರತ್ಯೇಕ ಬಹುಮಾನಗಳಿವೆ.