ತಟ್ಟೆಯ ಮುಂದಿನ ಕ್ಯಾಮೆರಾ

ಕಳೆದ ವರ್ಷ ನಮ್ಮ ಕಾಲೇಜಿನ ಬಿ.ಎ. ವಿದ್ಯಾರ್ಥಿಗಳಿಗೆ ‘ಸೂಪರ್ ಸೈಜ್ ಮಿ’ ಎಂಬ ಅಮೆರಿಕದ ಸಾಕ್ಷ್ಯಚಿತ್ರವನ್ನು ತೋರಿಸಿದೆ. ದಪ್ಪ ಮೈಯ ಜನ ಬೀದಿಯಲ್ಲಿ ನಡೆದು ಹೋಗುವ ದೃಶ್ಯಗಳು ಬಂದಾಗಲೆಲ್ಲ ತರಗತಿ ಗೊಳ್ಳೆಂದು ನಗುತ್ತಿತ್ತು. ಒಬ್ಬ ಹುಡುಗ ಮಾತ್ರ ನಗಲಿಲ್ಲ. ಅವನು ಸಂಜೆ ಹೊತ್ತು ಪೇಟೆಯ ಒಂದು ಬರ್ಗರ್ ಅಂಗಡಿಯಲ್ಲಿ ದುಡಿದು ತನ್ನ ಓದಿನ ಖರ್ಚು ನೋಡಿಕೊಳ್ಳುವವನು. ಚಿತ್ರ ಮುಗಿದ ಮೇಲೆ ಎದ್ದು ನಿಂತು ಕೇಳಿದ: “ಸಾರ್, ತಿನ್ನೋರನ್ನ ತೋರಿಸಿದ್ರು, ಕಂಪನಿಯೋರನ್ನ ಬೈದ್ರು. ಕರಿದು ಕೊಡೋ ನಾವು ಇದ್ರಲ್ಲಿ ಎಲ್ಲಿದೀವಿ?” ಅವತ್ತು ನನ್ನ ಹತ್ತಿರ ಉತ್ತರವಿರಲಿಲ್ಲ. ಅವನಿಗೆ ತಡವಾಗಿ ಕೊಡುತ್ತಿರುವ ಉತ್ತರ ಇದು.

ಸಾಕ್ಷ್ಯಚಿತ್ರವೆಂದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು ಅಂತ ನಾವು ನಂಬಿಕೊಂಡಿದ್ದೇವೆ. ಆದರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಯಾರ ಮಾತು ಉಳಿಯಬೇಕು, ಯಾರದು ಕತ್ತರಿಗೆ ಹೋಗಬೇಕು ಎಂಬುದನ್ನೆಲ್ಲ ಯಾರೋ ತೀರ್ಮಾನಿಸಿರುತ್ತಾರೆ. ಈ ತೀರ್ಮಾನಗಳಿಂದಲೇ ಚಿತ್ರದೊಳಗೆ ಕೆಲವರು ಸಾಕ್ಷಿಗಳಾಗುತ್ತಾರೆ, ಉಳಿದವರು ಬರೀ ಉದಾಹರಣೆಗಳಾಗುತ್ತಾರೆ. ಸಾಕ್ಷಿಗೆ ಬಾಯಿ ಇರುತ್ತದೆ. ಉದಾಹರಣೆಯಾದವರಿಗೆ ಮೈ ಮಾತ್ರ. ಯಾರು ಮಾತಾಡುತ್ತಾರೆ, ಯಾರ ಬಗ್ಗೆ ಮಾತಾಡಲಾಗುತ್ತದೆ ಎಂಬ ಪ್ರಶ್ನೆಯನ್ನು ದಲಿತ ವಿಮರ್ಶೆ ಸಾಹಿತ್ಯಕ್ಕೆ ಬಹಳ ಕಾಲದಿಂದ ಕೇಳುತ್ತ ಬಂದಿದೆ. ಸಿನಿಮಾದ ತಂತ್ರಕ್ಕೂ ಅದನ್ನು ಕೇಳಬೇಕಾಗಿದೆ.

‘ಸೂಪರ್ ಸೈಜ್ ಮಿ’ ಬಂದದ್ದು ೨೦೦೪ರಲ್ಲಿ. ನಿರ್ದೇಶಕ ಮಾರ್ಗನ್ ಸ್ಪರ್ಲಾಕ್ ತಾನೇ ಅದರ ನಾಯಕ. ೩೦ ದಿನ, ದಿನಕ್ಕೆ ಮೂರು ಹೊತ್ತು ಮೆಕ್‌ಡೊನಾಲ್ಡ್ಸ್ ಅಂಗಡಿಯದ್ದನ್ನು ಬಿಟ್ಟು ಬೇರೇನೂ ತಿನ್ನಬಾರದು; ಅಲ್ಲಿನ ಪ್ರತಿಯೊಂದು ತಿನಿಸನ್ನೂ ಒಮ್ಮೆಯಾದರೂ ತಿನ್ನಬೇಕು; ದೊಡ್ಡ ಅಳತೆ ಬೇಕೇ ಎಂದು ಅಂಗಡಿಯವರು ಕೇಳಿದರೆ ಹೂಂ ಅನ್ನಬೇಕು; ನಡಿಗೆ ಕಡಿಮೆ ಮಾಡಬೇಕು. ಈ ನಿಯಮಗಳನ್ನೆಲ್ಲ ಮಾಡಿಕೊಂಡವನೂ ಅವನೇ. ಮೂವರು ವೈದ್ಯರು ಅವನನ್ನು ಆಗಾಗ ಪರೀಕ್ಷಿಸುತ್ತಾರೆ. ತಿಂಗಳ ಕೊನೆಗೆ ಸುಮಾರು ೧೧ ಕಿಲೋ ತೂಕ ಏರಿರುತ್ತದೆ, ಲಿವರ್ ಕೆಟ್ಟಿರುತ್ತದೆ. ಆ ದೊಡ್ಡ ಅಳತೆಯನ್ನು ಕಂಪನಿ ಅದೇ ವರ್ಷ ಕೈಬಿಡತೊಡಗಿತು, ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಿತು.

ಇಲ್ಲಿನ ತಂತ್ರವನ್ನು ಬಿಡಿಸಿ ನೋಡೋಣ. ತೆರೆಯ ಮೇಲೆ ದಿನಗಳ ಎಣಿಕೆ ಬರುತ್ತ ಹೋದ ಹಾಗೆ ನೋಡುವವರಿಗೆ ಕತೆಯ ಹಸಿವು ಹತ್ತುತ್ತದೆ: ಮುಂದೆ ಇವನಿಗೇನಾಗುತ್ತೋ! ತಕ್ಕಡಿ, ರಕ್ತಪರೀಕ್ಷೆ, ವೈದ್ಯರ ಎಚ್ಚರಿಕೆ ಎಲ್ಲ ಸೇರಿ ಒಬ್ಬನ ಅನುಭವಕ್ಕೆ ವಿಜ್ಞಾನದ ಮುದ್ರೆ ಒತ್ತುತ್ತವೆ. ಎರಡನೆಯ ದಿನ ಕಾರಿನಲ್ಲಿ ಕೂತು ತಿಂದು, ಕಿಟಕಿಯಿಂದಾಚೆ ಕಕ್ಕುವುದನ್ನು ಸಂಕಲನದಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ಅದು ವಾದವೇನಲ್ಲ, ಆದರೆ ಯಾವ ವಾದಕ್ಕಿಂತಲೂ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ. ನಮ್ಮಲ್ಲಿ ವ್ರತ ಹಿಡಿದವರು ಹೊಟ್ಟೆ ಖಾಲಿ ಇಟ್ಟುಕೊಂಡು ಮೈಯನ್ನು ಸಾಕ್ಷಿ ಮಾಡುತ್ತಾರಲ್ಲ, ಇವನು ಹೊಟ್ಟೆ ತುಂಬಿಸಿಕೊಂಡು ಅದನ್ನೇ ಮಾಡುತ್ತಾನೆ. ಮೈಯನ್ನೇ ಪುರಾವೆ ಮಾಡಿದವರು ಆ ಮೈಯ ಪೂರ್ತಿ ಲೆಕ್ಕ ಕೊಡಬೇಕಾಗುತ್ತದೆ. ೨೦೧೭ರ ಡಿಸೆಂಬರಿನಲ್ಲಿ ಸ್ಪರ್ಲಾಕ್ ಬಹಿರಂಗವಾಗಿ ತಪ್ಪೊಪ್ಪಿಕೊಂಡು ಬರೆದಾಗ ತನ್ನ ಹಲವು ವರ್ಷಗಳ ಕುಡಿತದ ಸಂಗತಿಯನ್ನೂ ಹೇಳಿಕೊಂಡ. ಹಾಗಾದರೆ ಲಿವರ್ ಕೆಟ್ಟದ್ದರಲ್ಲಿ ಬರ್ಗರಿನ ಪಾಲೆಷ್ಟು ಎಂಬ ಅನುಮಾನ ಎದ್ದಿತು. ೨೦೨೪ರಲ್ಲಿ ಅವನು ತೀರಿಕೊಂಡ, ಅನುಮಾನ ಉಳಿದುಕೊಂಡಿದೆ.

ನನ್ನ ತಕರಾರು ಇದಕ್ಕಿಂತ ಬೇರೆ. ಸ್ಪರ್ಲಾಕನಿಗೆ ಮೂವತ್ತೊಂದನೆಯ ದಿನ ಎಂಬುದೊಂದಿತ್ತು. ಸಸ್ಯಾಹಾರದ ಅಡುಗೆಯಲ್ಲಿ ಪಳಗಿದ ಗೆಳತಿ ಮನೆಯಲ್ಲಿದ್ದಳು. ದುಡಿದು ಸುಸ್ತಾಗಿ ಬಂದು, ಅಗ್ಗಕ್ಕೆ ಸಿಗುತ್ತದೆ, ಬೇಗ ಸಿಗುತ್ತದೆ ಅಂತ ಅದನ್ನೇ ತಿನ್ನುವ ಬಡವರಿಗೆ ಮೂವತ್ತೊಂದನೆಯ ದಿನವೂ ಅದೇ ಊಟ. ಗೋಪಾಲ್ ಗುರು ಮತ್ತು ಸುಂದರ್ ಸರುಕ್ಕೈ ‘ದಿ ಕ್ರ್ಯಾಕ್ಡ್ ಮಿರರ್’ (೨೦೧೨) ಪುಸ್ತಕದಲ್ಲಿ ಚರ್ಚಿಸಿದ ಸಂಗತಿ ಇಲ್ಲಿ ನೆರವಿಗೆ ಬರುತ್ತದೆ: ಬೇಡವೆಂದಾಗ ಎದ್ದು ಹೋಗಬಹುದಾದ ಅನುಭವವೇ ಬೇರೆ, ಬಿಡಿಸಿಕೊಳ್ಳಲಾಗದೆ ಬದುಕಿದ ಅನುಭವವೇ ಬೇರೆ. ಕೇರಿಯಲ್ಲಿ ಒಂದು ರಾತ್ರಿ ಮಲಗಿ ಎದ್ದುಹೋದವರ ಬರಹಗಳನ್ನು ಓದಿದ ನಮಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಡಿಸಿಕೊಳ್ಳಲಾಗದ ಆ ಜನ ಚಿತ್ರದಲ್ಲಿ ಹೇಗೆ ಬರುತ್ತಾರೆ? ಬಹಳ ಕಡೆ ಕತ್ತಿನಿಂದ ಕೆಳಗೆ ಮಾತ್ರ, ಇಲ್ಲವೇ ಮುಖ ಮಸುಕು ಮಾಡಿಸಿಕೊಂಡು. ಹೊಟ್ಟೆ, ಸೊಂಟ, ತೊಡೆ, ಹೆಸರಿಲ್ಲ, ಮಾತಿಲ್ಲ. ಮಾಧ್ಯಮಗಳ ಈ ಚಾಳಿಯನ್ನು ಬ್ರಿಟನ್ನಿನ ಬರಹಗಾರ್ತಿ ಷಾರ್ಲಟ್ ಕೂಪರ್ ೨೦೦೭ರಲ್ಲಿ ‘ತಲೆಯಿಲ್ಲದ ದಪ್ಪನೆಯವರು’ ಎಂಬರ್ಥದ ಹೆಸರಿಟ್ಟು ಗುರುತಿಸಿದಳು. ಗುರುತು ಸಿಗಬಾರದು, ಅವರ ಮರ್ಯಾದೆ ಉಳಿಯಲಿ ಅಂತ ಹೀಗೆ ಮಾಡಿದ್ದು ಎನ್ನಬಹುದು. ಆದರೆ ಪರಿಣಾಮ ತಿರುಗುಮುರುಗು. ಮುಖವಿಲ್ಲದ ಮೈಯನ್ನು ನೋಡಿ ನಗುವುದು ಸುಲಭ. ನಮ್ಮ ತರಗತಿ ನಕ್ಕದ್ದು ಅಲ್ಲಿಯೇ. ಚಿತ್ರದ ಮಾತು ಕಂಪನಿಯ ಮೇಲೆ ಆರೋಪ ಹೊರಿಸುತ್ತಿದ್ದಾಗ ಚಿತ್ರದ ಕಣ್ಣು ತಿನ್ನುವವರನ್ನೇ ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿತ್ತು. ಕೌಂಟರಿನಾಚೆ ದುಡಿಯುವವರಂತೂ ಪೊಟ್ಟಣ ಚಾಚುವ ಕೈಗಳಾಗಿ ಬಂದು ಹೋಗುತ್ತಾರೆ. ಚಿತ್ರದ ಕಾಳಜಿ ಆರೋಗ್ಯದ್ದು, ಕೂಲಿಯದ್ದಲ್ಲ.

ಇದೇ ಕಂಪನಿಯ ಮೇಲೆ ಇನ್ನೊಂದು ಚಿತ್ರವಿದೆ, ಫ್ರ್ಯಾನಿ ಆರ್ಮ್‌ಸ್ಟ್ರಾಂಗ್ ಮಾಡಿದ ‘ಮೆಕ್‌ಲೈಬೆಲ್’. ೧೯೯೭ರಲ್ಲಿ ಮೊದಲ ರೂಪ, ೨೦೦೫ರಲ್ಲಿ ಪೂರ್ಣ ರೂಪ. ಲಂಡನ್ ಗ್ರೀನ್‌ಪೀಸ್ ಎಂಬ ಸಣ್ಣ ಗುಂಪು ಹಂಚಿದ ಕರಪತ್ರದ ವಿರುದ್ಧ ಕಂಪನಿ ೧೯೯೦ರಲ್ಲಿ ಮಾನನಷ್ಟದ ದಾವೆ ಹೂಡಿತು. ಕೆಲವರು ಕ್ಷಮೆ ಕೇಳಿ ಬಿಡಿಸಿಕೊಂಡರು. ತೋಟದ ಕೆಲಸ ಮಾಡುತ್ತಿದ್ದ ಹೆಲೆನ್ ಸ್ಟೀಲ್, ಹಿಂದೆ ಪೋಸ್ಟ್‌ಮನ್ ಆಗಿದ್ದ ಡೇವ್ ಮಾರಿಸ್ ಮಾತ್ರ ಕೇಳಲಿಲ್ಲ. ಮಾನನಷ್ಟದ ಕೇಸುಗಳಿಗೆ ಸರ್ಕಾರದ ಕಾನೂನು ನೆರವು ಇರಲಿಲ್ಲವಾದ್ದರಿಂದ ತಮ್ಮ ಕೇಸನ್ನು ತಾವೇ ನಡೆಸಿದರು. ೧೯೯೪ರಿಂದ ೧೯೯೬ರವರೆಗೆ ೩೦೦ಕ್ಕೂ ಹೆಚ್ಚು ದಿನ ವಿಚಾರಣೆ ನಡೆಯಿತು.

ಆಗ ಅಲ್ಲಿನ ಕೋರ್ಟಿನೊಳಗೆ ಕ್ಯಾಮೆರಾ ಬಿಡುತ್ತಿರಲಿಲ್ಲ. ಆದ್ದರಿಂದ ನಡಾವಳಿಯ ದಾಖಲೆಯನ್ನೇ ಇಟ್ಟುಕೊಂಡು ನಟರಿಂದ ಆ ಭಾಗಗಳನ್ನು ಆಡಿಸಿದರು. ನಿರ್ದೇಶಿಸಿದವನು ಕೆನ್ ಲೋಚ್. ಬಾಗಿಲು ಮುಚ್ಚಿದ್ದರಿಂದ ಹುಟ್ಟಿದ ಈ ತಂತ್ರ ಚಿತ್ರದ ಗುಣವನ್ನೇ ಬದಲಿಸಿತು. ಇಲ್ಲಿ ತಿನಿಸಿಗಿಂತ ಮಾತು ಮುಖ್ಯ. ಆರೋಪಿಗಳೇ ಕಂಪನಿಯ ದೊಡ್ಡ ಅಧಿಕಾರಿಗಳನ್ನು ಪಾಟೀಸವಾಲು ಮಾಡುತ್ತಾರೆ. ಉದಾಹರಣೆಗಳಾಗಬಹುದಾಗಿದ್ದವರು ಸಾಕ್ಷಿಗಳಾದರು. ತೀರ್ಪು ಅವರಿಗೆ ದಂಡ ಹಾಕಿತು ನಿಜ. ಆದರೆ ಜಾಹೀರಾತಿನಿಂದ ಮಕ್ಕಳನ್ನು ಬಳಸಿಕೊಳ್ಳುವುದು, ಕಡಿಮೆ ಕೂಲಿ ಕೊಡುವುದು, ಪ್ರಾಣಿಹಿಂಸೆಗೆ ಹೊಣೆಯಾಗುವುದು ಸತ್ಯವೆಂದೂ ಹೇಳಿತು. ವಿಚಾರಣೆ ನ್ಯಾಯಯುತವಾಗಿರಲಿಲ್ಲ ಎಂದು ೨೦೦೫ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಪ್ಪಿತು. ಕರಪತ್ರ ಹಂಚಿ ಗೊತ್ತಿರುವವರೆಲ್ಲ ನೋಡಬೇಕಾದ ಚಿತ್ರ ಇದು.

ಹಾಗಂತ ಇದನ್ನೂ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಮಾಂಸದ ಉದ್ಯಮದ ಕ್ರೌರ್ಯವನ್ನು ತೋರಿಸುವುದು ಅಲ್ಲಿ ಬಂಡವಾಳದ ವಿರುದ್ಧದ ಮಾತು. ಅಂಥದೇ ಚಿತ್ರಿಕೆ ಇಲ್ಲಿಗೆ ಬಂದರೆ ಕಸಾಯಿಖಾನೆಗೆ ಬೀಗ ಹಾಕಿಸುವವರ ಕೈಗೆ ಆಯುಧವಾಗುತ್ತದೆ. ೧೯೯೬ರ ಜನವರಿಯಲ್ಲಿ ರೈತಸಂಘದವರು ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಗೆ ನುಗ್ಗಿದ್ದು ಬಹುರಾಷ್ಟ್ರೀಯ ಕಂಪನಿಯ ವಿರುದ್ಧ. ಆ ವಿರೋಧವೂ ಮಾಂಸದ ಮೇಲಿನ ಹೇಸಿಗೆಯೂ ಒಂದೇ ಅಲ್ಲ. ಎರಡನ್ನೂ ಕಲಸಿದರೆ ಪೆಟ್ಟು ಬೀಳುವುದು ಕಂಪನಿಗಲ್ಲ, ಕೇರಿಯ ಒಲೆಗೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ಗೋಮಾಂಸ ಮತ್ತು ಜಾತಿಯ ಬಗ್ಗೆ ಮಾಡಿದ ‘ಕಾಸ್ಟ್ ಆನ್ ದ ಮೆನು ಕಾರ್ಡ್’ ಚಿತ್ರವನ್ನು ೨೦೧೫ರಲ್ಲಿ ದೆಹಲಿಯ ಚಿತ್ರೋತ್ಸವದಲ್ಲಿ ತೋರಿಸಲು ಕೇಂದ್ರದ ವಾರ್ತಾ ಇಲಾಖೆ ಅನುಮತಿ ಕೊಡಲಿಲ್ಲ. ಯಾರ ತಟ್ಟೆಯ ಮೇಲೆ ಬೇಕಾದರೂ ಕ್ಯಾಮೆರಾ ಹಿಡಿಯಬಹುದು, ಆದರೆ ತಟ್ಟೆಯ ಒಡೆಯರೇ ಕ್ಯಾಮೆರಾ ಹಿಡಿದರೆ ಕಷ್ಟ!

ಊಟದ ಬಗೆಗಿನ ಯಾವ ಚಿತ್ರ ನೋಡಿದರೂ ಕೆಲವು ಪ್ರಶ್ನೆ ಕೇಳೋಣ. ಮುಖ ಯಾರಿಗಿದೆ, ಮೈ ಮಾತ್ರ ಯಾರಿಗಿದೆ? ಪ್ರಯೋಗ ಮುಗಿದ ಮೇಲೆ ಎದ್ದು ಹೋಗುವವರು ಯಾರು? ಬೇಯಿಸಿದವರ, ತೊಳೆದವರ ಮಾತು ಎಲ್ಲಿ? ಮೊನ್ನೆ ಆ ಹುಡುಗನಿಗೆ ಇದನ್ನೆಲ್ಲ ಹೇಳಿ, ನೀನಾಗಿದ್ದರೆ ಚಿತ್ರ ಎಲ್ಲಿಂದ ಶುರು ಮಾಡ್ತಿದ್ದೆ ಅಂತ ಕೇಳಿದೆ. ಅವನು ಯೋಚನೆ ಮಾಡಲೂ ಇಲ್ಲ. “ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದ ಮೇಲೆ, ಸಾರ್. ಎಣ್ಣೆ ಮಿಷನ್ ತೊಳೆಯೋದ್ರಿಂದ” ಅಂದ.