ಗ್ರಾಮೀಣ ಮನೆಗೆ ಬಿಸಿನೀರು: ಸೌರಶಕ್ತಿಯೋ, ಗೋಬರ್ ಅನಿಲವೋ, ಸುಧಾರಿತ ಒಲೆಯೋ?

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಪರಿಸರದ ಮನೆಗಳಲ್ಲಿ ಶೀತದೇಶಗಳಂತೆ ಕೋಣೆಯನ್ನು ಬೆಚ್ಚಗಿಡುವ ಅಗತ್ಯವಿಲ್ಲ. ಇಲ್ಲಿ ಶಾಖದ ಬೇಡಿಕೆ ಎಂದರೆ ಬಚ್ಚಲಿನ ಹಂಡೆ ಮತ್ತು ಅಡುಗೆಯ ಒಲೆ. ಬಳ್ಳಾರಿ ಜಾಲಿಯ ಸೌದೆ, ಬೆರಣಿ ಹಾಗೂ ಶೇಂಗಾ ಸಿಪ್ಪೆಗಳು ಈ ಬೇಡಿಕೆಯನ್ನು ಪೂರೈಸುತ್ತ ಬಂದಿವೆ. 2010ರ ಆಸುಪಾಸಿನಲ್ಲಿ ತಾಲ್ಲೂಕಿನ ಕಾವಲುಗಳ ಸಾವಿರಾರು ಎಕರೆ ಭೂಮಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದ ನಂತರ ಅಲ್ಲಿಂದ ಸೌದೆ, ಸಗಣಿ ಆಯ್ದು ತರುವ ಅವಕಾಶ ಕುಗ್ಗಿದೆ. ಪರ್ಯಾಯ ಉಪಕರಣಗಳನ್ನು ಮಾರುವ ವರ್ತಕರಿಗೂ ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಇದೊಂದು ಮಾರುಕಟ್ಟೆಯೇ ಸರಿ. ಆದರೆ ಊರಿನ ನೀರು, ಮನೆಯ ಮಾಳಿಗೆ ಮತ್ತು ಕೊಟ್ಟಿಗೆಯ ದನಗಳನ್ನು ಗಮನಿಸದೆ ಮಾರಿದ ಉಪಕರಣವು ಮೂಲೆ ಸೇರಿದರೆ ಗ್ರಾಹಕನ ಹಣದೊಡನೆ ವರ್ತಕನ ಹೆಸರೂ ಹೋಗುತ್ತದೆ.

ಮೊದಲು ಶಾಖದ ಲೆಕ್ಕ

100 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ತಣ್ಣೀರು ಬೆರೆಸಿಕೊಂಡರೆ ಇದು ಐದಾರು ಜನರ ಸ್ನಾನಕ್ಕೆ ಸಾಕು. ಶಾಖದ ಹತ್ತನೆಯ ಒಂದು ಭಾಗವನ್ನಷ್ಟೇ ನೀರಿಗೆ ಮುಟ್ಟಿಸುವ ತೆರೆದ ಒಲೆಯಲ್ಲಿ ಇದಕ್ಕೆ ಸುಮಾರು 10 ಕಿಲೋ ಒಣ ಸೌದೆ ಉರಿಯಬೇಕು. ದಕ್ಷತೆಯನ್ನು ಶೇ. 30ಕ್ಕೆ ಏರಿಸಿದರೆ ಮೂರೂವರೆ ಕಿಲೋ ಸಾಕಾಗುತ್ತದೆ. ಎಲ್ಲ ಆಯ್ಕೆಗಳನ್ನೂ ಈ ಅಳತೆಗೋಲಿನಿಂದಲೇ ತೂಗಿ ನೋಡಬೇಕು.

ಸೌರ ಜಲತಾಪಕ

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಚಳ್ಳಕೆರೆ ಸೀಮೆಯೂ ಒಂದು. ಬಿಸಿಲಿಗೆ ಇಲ್ಲಿ ಬರವಿಲ್ಲ. ಸುಮಾರು 2 ಚದರ ಮೀಟರ್ ಫಲಕ ದಿನಕ್ಕೆ 100 ಲೀಟರ್ ನೀರನ್ನು ಕಾಯಿಸಬಲ್ಲದು. ತೊಡಕಿರುವುದು ನೀರಿನಲ್ಲಿ. ಇಲ್ಲಿನ ಕೊಳವೆಬಾವಿಗಳ ಗಡಸು ನೀರು ಕಾದಂತೆ ಸುಣ್ಣದ ಪೊರೆ ಕಟ್ಟುತ್ತದೆ. ಚಪ್ಪಟೆ ಫಲಕದ ಕಿರಿದಾದ ತಾಮ್ರದ ಕೊಳವೆಗಳು ಇದರಿಂದ ಮುಚ್ಚಿಹೋಗುತ್ತವೆ. ಅಂಥಲ್ಲಿ ಕೊಳವೆಗಳಲ್ಲಿ ಬೇರೆ ದ್ರವ ಹರಿದು ಶಾಖವನ್ನು ಮಾತ್ರ ನೀರಿಗೆ ದಾಟಿಸುವ ಶಾಖ ವಿನಿಮಯ ಮಾದರಿಯನ್ನಾಗಲಿ, ಅಗಲ ಬಾಯಿಯ ನಿರ್ವಾತ ಗಾಜಿನ ಕೊಳವೆಗಳ ಮಾದರಿಯನ್ನಾಗಲಿ ಆರಿಸಬೇಕು. ಗಾಜಿನ ಕೊಳವೆಗಳಿಗೂ ಅವುಗಳದೇ ಆದ ಅಪಾಯವಿದೆ. ಪಂಪ್ ನಿಂತು ತೊಟ್ಟಿ ಬರಿದಾದಾಗ ಬಿಸಿಲಿಗೆ ಕಾದ ಗಾಜಿನೊಳಕ್ಕೆ ತಣ್ಣೀರು ನುಗ್ಗಿದರೆ ಅದು ಸೀಳಬಹುದು. ಆದ್ದರಿಂದ ಜಲತಾಪಕಕ್ಕಿಂತ ಎತ್ತರದಲ್ಲಿ ಸದಾ ತುಂಬಿರುವ ತಣ್ಣೀರಿನ ತೊಟ್ಟಿ ಅತ್ಯಗತ್ಯ. ಹಳೆಯ ಮಣ್ಣಿನ ಮಾಳಿಗೆಗಳ ಮೇಲೆ ನೀರು ತುಂಬಿದ ಟ್ಯಾಂಕಿನ ಭಾರ ಹೇರುವುದಕ್ಕಿಂತ ಅಂಗಳದಲ್ಲಿ ಕಬ್ಬಿಣದ ಅಟ್ಟಣೆ ಕಟ್ಟಿ ಕೂರಿಸುವುದು ಕ್ಷೇಮ. ಸ್ಥಳೀಯ ವೆಲ್ಡಿಂಗ್ ಘಟಕಗಳು ಈ ಕೆಲಸವನ್ನು ಮಾಡಿಕೊಡಬಹುದು.

ಗೋಬರ್ ಅನಿಲ

1984ರಲ್ಲಿ ರೂಪುಗೊಂಡ ದೀನಬಂಧು ಮಾದರಿಯ 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ಕೊಟ್ಟಿಗೆಯಲ್ಲೇ ಕಟ್ಟಿರುವ ನಾಲ್ಕೈದು ದನಗಳು ಬೇಕು. ಅಷ್ಟೇ ಪ್ರಮಾಣದ ನೀರೂ ಬೇಕು. ಹೊರಗೆ ಮೇಯುವ ದನಗಳ ಸಗಣಿ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ. 100 ಲೀಟರ್ ನೀರು ಕಾಯಿಸಲು ಸುಮಾರು ಒಂದೂಕಾಲು ಘನ ಮೀಟರ್ ಅನಿಲ ಖರ್ಚಾಗಿ ಅಡುಗೆಗೆ ಉಳಿಯುವುದು ಅಲ್ಪ. ಹೀಗಾಗಿ ಅನಿಲವನ್ನು ಅಡುಗೆಮನೆಗೂ ಬಿಸಿಲನ್ನು ಬಚ್ಚಲಿಗೂ ಹಂಚುವುದೇ ವಿವೇಕ. ಹೊರಬರುವ ಬಗ್ಗಡ ಹೊಲಕ್ಕೆ ಉತ್ತಮ ಗೊಬ್ಬರವಾಗುವುದರಿಂದ ಅದನ್ನೂ ಲಾಭದ ಲೆಕ್ಕಕ್ಕೆ ಸೇರಿಸಬೇಕು.

ಸುಧಾರಿತ ಒಲೆ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗವು ರೂಪಿಸಿದ ಅಸ್ತ್ರ ಒಲೆ ಕನ್ನಡ ನಾಡಿನ ಮನೆಮಾತಾಯಿತು. ಮುಚ್ಚಿದ ಉರಿಗೂಡು, ಕೆಳಗೆ ಗಾಳಿಯಾಡುವ ಜಾಲರಿ, ಹೊಗೆ ಹೋಗಲು ಕೊಳವೆ ಎಂಬ ಅದರ ತತ್ತ್ವ ಹಂಡೆಯ ಒಲೆಗೂ ಸಲ್ಲುತ್ತದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಶೇಂಗಾ ಸಿಪ್ಪೆ ಹತ್ತಿರದಲ್ಲೇ ದೊರೆಯುವ ಇಂಧನ. ಮೋಡ ಕವಿದ ದಿನಗಳಿಗೆ ಈ ಒಲೆಯೇ ಆಸರೆ. ಬಂಡವಾಳವೂ ಎಲ್ಲಕ್ಕಿಂತ ಕಡಿಮೆ.

ಹಣದ ಲೆಕ್ಕ

ಉಪಕರಣದ ಬೆಲೆಯನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಬಂಡವಾಳ ಮರಳುವ ವರ್ಷಗಳು ತಿಳಿಯುತ್ತವೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಈ ಲೆಕ್ಕ ತುಸು ಬದಲಾಗಿದೆ. ಉಚಿತ ವಿದ್ಯುತ್ ದೊರೆಯುವುದು ಮನೆಯ ಹಿಂದಿನ ಸರಾಸರಿ ಬಳಕೆಗೆ ಅಲ್ಪ ಪ್ರಮಾಣವನ್ನು ಸೇರಿಸಿದ ಮಿತಿಯೊಳಗೆ, ಅದೂ ತಿಂಗಳಿಗೆ ಗರಿಷ್ಠ 200 ಯೂನಿಟ್. ಹೊಸದಾಗಿ ಗೀಸರ್ ಹಾಕಿಸಿದವರು ದಿನಕ್ಕೆ 4 ಯೂನಿಟ್‌ನಂತೆ ತಿಂಗಳಿಗೆ 120 ಯೂನಿಟ್ ಹೆಚ್ಚು ಬಳಸಿದರೆ ಆ ಮಿತಿಯನ್ನು ಮೀರುವುದೇ ಹೆಚ್ಚು. ಸೌರ ಜಲತಾಪಕಗಳ ಜಿಎಸ್‌ಟಿ 2022ರಲ್ಲಿ ಶೇ. 5ರಿಂದ 12ಕ್ಕೆ ಏರಿ, 2025ರ ಸೆಪ್ಟೆಂಬರ್ 22ರಿಂದ ಮತ್ತೆ ಶೇ. 5ಕ್ಕೆ ಇಳಿದಿರುವುದು ವ್ಯಾಪಾರಕ್ಕೆ ಅನುಕೂಲಕರ. ಇನ್ನು ಸೌದೆಗೆ ಹಣ ತೆರದ ಮನೆಗೆ ಸಿಗುವ ಉಳಿತಾಯ ಹೊಗೆಯಿಂದ ಬಿಡುಗಡೆ ಮತ್ತು ಹೆಣ್ಣುಮಕ್ಕಳ ದುಡಿಮೆಯ ಹೊತ್ತು. ಅದನ್ನು ರೂಪಾಯಿಯ ಉಳಿತಾಯವೆಂದು ತೋರಿಸಿ ಮಾರುವುದು ಸರಿಯಲ್ಲ.

ಒಟ್ಟಿನಲ್ಲಿ ಯಾವುದೇ ಒಂದು ಉಪಕರಣ ಎಲ್ಲ ಮನೆಗೂ ಒಗ್ಗದು. ದನಗಳಿಲ್ಲದ ಮನೆಗೆ ಸೌರ ಜಲತಾಪಕ ಮತ್ತು ಒಲೆ, ದನಗಳೂ ನೀರೂ ಇರುವ ಮನೆಗೆ ಇವುಗಳೊಡನೆ ಅನಿಲ ಸ್ಥಾವರ, ಕೈಯಲ್ಲಿ ಹಣವಿಲ್ಲದ ಮನೆಗೆ ಮೊದಲು ಸುಧಾರಿತ ಒಲೆ ಹೊಂದುತ್ತದೆ. ಬೆಲೆಪಟ್ಟಿಯನ್ನು ಮುಂದಿಡುವ ಮುನ್ನ ನೀರಿನ ಗಡಸುತನವನ್ನು ಪರೀಕ್ಷಿಸಿ, ವರ್ಷಕ್ಕೊಮ್ಮೆ ಪೊರೆ ತೆಗೆಯುವ ಸೇವೆಯನ್ನೂ ಒದಗಿಸುವ ವರ್ತಕನೇ ಈ ಮಾರುಕಟ್ಟೆಯಲ್ಲಿ ಬಹುಕಾಲ ನಿಲ್ಲಬಲ್ಲನು.