ಹಳೇ ಲಾರಿಯ ಇಸಿಎಂ ಬದಲಿಸುವ ಮೊದಲು ಇಷ್ಟು ನೋಡಿ

ಮಂಗಳೂರಿನಿಂದ ಲೋಡ್ ಹೊತ್ತ ಹಳೇ ಲಾರಿ ಕೊಲ್ಲಾಪುರ ಜಿಲ್ಲೆಯ ನಾಂದಣಿಯಂಥ ದೂರದ ಊರಲ್ಲಿ ಕೆಟ್ಟು ನಿಂತರೆ ಚಾಲಕನಿಗೆ ಕೆಲವೊಮ್ಮೆ ಸಿಗುವ ಉತ್ತರ: ‘ಇಸಿಎಂ ಹೋಗಿದೆ, ಬೇರೆ ಹಾಕ್ಬೇಕು.’ ಬಾಡಿಗೆ ಹೋಯ್ತು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹಾಗಂತ ಅವಸರದಲ್ಲಿ ದುಡ್ಡು ಕೊಡಬಾರದು.

ಇಸಿಎಂ ಅಂದರೆ ಇಂಜಿನ್‌ನ ಕಂಪ್ಯೂಟರ್. ಸೆನ್ಸರ್‌ಗಳ ಮಾಹಿತಿ ಪಡೆದು, ಇಂಜೆಕ್ಟರ್‌ಗೆ ಯಾವಾಗ, ಎಷ್ಟು ಡೀಸೆಲ್ ಎಂದು ತೀರ್ಮಾನಿಸುವುದು ಇದೇ. ಸ್ಕ್ಯಾನರ್‌ಗೆ ಇದು ಉತ್ತರಿಸದಿದ್ದರೆ ಸತ್ತೇ ಹೋಗಿದೆ ಎಂದರ್ಥವಲ್ಲ.

ಮೊದಲು ಬ್ಯಾಟರಿ ನೋಡಿ. 24 ವೋಲ್ಟ್ ಲಾರಿಯಲ್ಲಿ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ತೀರಾ ಇಳಿದರೂ ಇಸಿಎಂ ಸುಮ್ಮನಾಗುತ್ತದೆ. ಫ್ಯೂಸ್, ರಿಲೇ, ಅರ್ಥ್ ವಯರ್ ಪರೀಕ್ಷಿಸಿ. ಮಳೆಗಾಲದಲ್ಲಿ ಕನೆಕ್ಟರ್‌ಗೆ ನೀರಿಳಿದು ಪಿನ್‌ಗೆ ಹಸಿರು ತುಕ್ಕು ಹಿಡಿಯುವುದುಂಟು. ಒಂದು ಸೆನ್ಸರ್ ಶಾರ್ಟ್ ಆದರೂ 5 ವೋಲ್ಟ್ ಸಪ್ಲೈ ಬಿದ್ದುಹೋಗುತ್ತದೆ. ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚಿದರೆ ಕಳ್ಳ ಸಿಕ್ಕಿಬೀಳ್ತಾನೆ.

ಇಷ್ಟಾದ ಮೇಲೂ ಇಸಿಎಂನದ್ದೇ ದೋಷವಾದರೆ, ಅದೇ ಪಾರ್ಟ್ ನಂಬರ್‌ನದ್ದು ಬೇಕು. ಗುಜರಿಯ ಇಸಿಎಂನಲ್ಲಿ ಬೇರೆ ಲಾರಿಯ ಲೆಕ್ಕ ಇರುತ್ತದೆ. ಹೊಸದಕ್ಕೂ ಸಾಮಾನ್ಯವಾಗಿ ಪ್ರೋಗ್ರಾಂ ಹಾಕಿಸಬೇಕು. ಹಲವು ಮಾಡೆಲ್‌ಗಳಲ್ಲಿ ಇಂಜೆಕ್ಟರ್ ಕೋಡ್‌ಗಳನ್ನೂ ತುಂಬಬೇಕು. ಹಳೆಯದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಅದರ ಡೇಟಾ ಬೇಕಾಗಬಹುದು, ರಿಪೇರಿಯೂ ಆಗಬಹುದು.

ದರ ಮಾತಾಡುವಾಗ ಪ್ರೋಗ್ರಾಮಿಂಗ್ ಖರ್ಚು ಸೇರಿದೆಯಾ ಕೇಳಿ, ಬಿಲ್ಲಿನಲ್ಲಿ ಪಾರ್ಟ್ ನಂಬರ್, ವಾರಂಟಿ ಬರೆಸಿ. ಮುಂದೆ ಬಾಡಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ಮತ್ತು ಇಸಿಎಂ ಕನೆಕ್ಟರ್ ಬಿಚ್ಚಿಸಲು ಮರೆಯಬೇಡಿ.